ಮಿಂಚುಪಟ್ಟಿ ಕಾಯುವ ಕಂಪ್ಯೂಟರು

ಇನ್ವರ್ಟರ್ ಹಾಳಾಗಿರಲಿಲ್ಲ. ಬ್ಯಾಟರಿಗೂ ಏನೂ ಆಗಿರಲಿಲ್ಲ. ಕರೆಂಟಿನವರ ತಪ್ಪೂ ಅಲ್ಲ, ಅವರು ಪ್ರತಿ ವರ್ಷ ತೆಗೆಯುವಷ್ಟೇ ಕರೆಂಟು ತೆಗೆದಿದ್ದರು. ಕಾಗೆ ಓಡಿಸಲಿಕ್ಕೆ ನಮ್ಮ ಮೀನಂಗಳದ ಧಣಿ ಶೇಖರಣ್ಣ ಕಟ್ಟಿಸಿದ ಮಿಂಚುಪಟ್ಟಿಯನ್ನು ಶೇಖರಣ್ಣನದೇ ಕಂಪ್ಯೂಟರು ನಮ್ಮ ಮನೆಯಲ್ಲಿ ಕೂತು, ಕಳ್ಳ ಬಂದ ಕಳ್ಳ ಬಂದ ಎಂದು ದಿನವಿಡೀ ನೋಡುತ್ತಿತ್ತು. ಆದದ್ದು ಇಷ್ಟು. ಇಷ್ಟನ್ನು ಕಂಡುಹಿಡಿಯುವುದರೊಳಗೆ ನಮ್ಮ ಮನೆಯವರ ಉಸಿರು ನಿಲ್ಲುವುದೊಂದು ಬಾಕಿ ಇತ್ತು.

ನಾನು ಉಪ್ಪುಂದದ ಒಣಮೀನಿನ ಅಂಗಳದಲ್ಲಿ ದುಡಿದವಳು. ಮದುವೆಯಾಗಿ ಬಂದ ವರ್ಷ ಸೇರಿದ್ದು, ಹೋದ ಬೇಸಿಗೆಯಲ್ಲಿ ಬಿಟ್ಟದ್ದು. ಶಾಲೆಗೆ ಮೂರನೇ ಕ್ಲಾಸಿನವರೆಗೆ ಹೋಗಿದ್ದೇನೆ. ಓದಲಿಕ್ಕೆ ಬರೆಯಲಿಕ್ಕೆ ಬರುತ್ತದೆ, ಚಂದ ಮಾಡಲಿಕ್ಕೆ ಬರುವುದಿಲ್ಲ. ಈಗ ಅಂಗಳದ ಕೆಲಸಕ್ಕೆ ಪಿಯುಸಿ ಆದ ಹೆಣ್ಣುಮಕ್ಕಳು ಬರುತ್ತಿದ್ದಾರಂತೆ. ಮೀನು ಮಗುಚುವುದು ಒಂದು ಕಡೆ, ಫೋನಿನಲ್ಲಿ ಕ್ಯಾಮೆರಾ ನೋಡುವುದು ಇನ್ನೊಂದು ಕಡೆ. ಅವರಿಗೆ ಈ ಕೆಲಸದಲ್ಲಿ ಎಂತದ್ದೆಲ್ಲ ಇರುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಶೇಖರಣ್ಣನ ಅಪ್ಪಯ್ಯನ ಕಾಲ. ಆಗ ಮೀನನ್ನು ಹೊಯಿಗೆಯ ಮೇಲೆಯೇ, ಬರೀ ಮರಳಿನಲ್ಲಿ ಹರಡುತ್ತಿದ್ದೆವು. ಸೀಳಿ, ಕರುಳು ತೆಗೆದು, ತೊಟ್ಟಿಯಲ್ಲಿ ಉಪ್ಪಿಗೆ ಹಾಕಿ, ಮರುದಿನ ಬಿಸಿಲಿಗೆ. ಒಂದು ವರ್ಷ ಅವರು ಎಲ್ಲಿಂದಲೋ ಒಂದು ಲಾರಿ ಅಗ್ಗದ ಉಪ್ಪು ತಂದರು. ಆ ಉಪ್ಪು ಹಾಕಿದ ಬಂಗುಡೆಯೆಲ್ಲ ವಾರ ಕಳೆಯುವುದರೊಳಗೆ ಕೆಂಪಾಯಿತು, ನಾತ ಹಿಡಿಯಿತು. ಉಪ್ಪು ಹಾಳು ಎಂದು ಒಪ್ಪಿಕೊಳ್ಳಲಿಕ್ಕೆ ಅವರಿಗೆ ಆಗಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಮೆಣಸ್ ಅರೆದ ಕೈ ತೊಳ್ಕಣ್ದೆ ಬತ್ರಿ ಅಲ್ದಾ? ಅದ್ಕೇ ಮೀನ್ ಕೆಂಪಾದ್ದ್" ಎಂದರು.

ನನ್ನ ಜತೆ ಕೆಲಸ ಮಾಡುತ್ತಿದ್ದ ಪದ್ದು ಬಾಯಿ ಬಿಗಿ ಇಲ್ಲದವಳು. "ಹೌದ್ ಒಡೇರೆ, ಒಂದ್ ಲೋಡ್ ಬಂಗ್ಡಿಗೆ ಸಾಕಪ್ಪಷ್ಟ್ ಮೆಣಸ್ ನಮ್ಮನಿಯಗಿದ್ರೆ ನಾನಿಲ್ಲಿಗ್ ಎಂತಕ್ ಬತ್ತಿದ್ದೆ?" ಎಂದಳು. ಆ ಮೀನೆಲ್ಲ ತೆಂಗಿನ ಬುಡಕ್ಕೆ ಹೋಯಿತು. ಆದರೂ ಆ ವರ್ಷ ಪೂರ್ತಿ ನಾವು ಬೆಳಿಗ್ಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆದು ಅವರಿಗೆ ತೋರಿಸಬೇಕಾಯಿತು. ಮೇಲಿನವರ ತಪ್ಪಿಗೆ ಕೆಳಗಿನವರು ಕೈ ತೊಳೆಯುವುದು ಈ ಕೆಲಸದಲ್ಲಿ ಮೊದಲಿನಿಂದಲೂ ಇದೆ, ಈಗಲೂ ಇದೆ.

ಆಮೇಲೆ ಹೊಯಿಗೆ ಹತ್ತಿದ ಮೀನು ಬೇಡ ಎಂದು ಮುಂಬೈಯ ವ್ಯಾಪಾರಿಗಳು ತಕರಾರು ತೆಗೆದರು. ಅಂಗಳದಲ್ಲಿ ಸೊಂಟದೆತ್ತರಕ್ಕೆ ಅಟ್ಟಣಿಗೆ ಕಟ್ಟಿ, ಬಲೆ ಬಿಗಿದು, ಅದರ ಮೇಲೆ ಮೀನು ಹಾಕುವುದು ಬಂತು. ಇದು ಒಳ್ಳೆಯದೇ. ಬಗ್ಗುವುದು ತಪ್ಪಿತು. ಅದು ಬರುವಷ್ಟರಲ್ಲಿ ನನ್ನ ಸೊಂಟ ಹೋಗಿ ಆಗಿತ್ತು, ಅದು ಬೇರೆ ಮಾತು. ಆದರೆ ಅಟ್ಟಣಿಗೆಯ ಮೀನು ಕಾಗೆಗೆ ಬಡಿಸಿ ಇಟ್ಟಂತೆ. ಕರಿ ಪ್ಲಾಸ್ಟಿಕ್ ಕಟ್ಟಿ ನೋಡಿದೆವು, ಸತ್ತ ಕಾಗೆಯನ್ನು ಕೋಲಿಗೆ ತೂಗುಹಾಕಿ ನೋಡಿದೆವು. ಒಂದು ದಿನ ಹೆದರುತ್ತವೆ, ಮರುದಿನ ಅದೇ ಕೋಲಿನ ತುದಿಯಲ್ಲಿ ಕೂತು ಮೀನು ತಿನ್ನುತ್ತವೆ. ಕಡೆಗೆ ಪದ್ದುವಿಗೆ ಒಂದು ಉದ್ದ ಕೋಲು ಕೊಟ್ಟು, ಕಾಗೆ ಓಡಿಸುವುದೇ ನಿನ್ನ ಕೆಲಸ ಎಂದರು. ಅವಳ ಬಾಯಿಗೆ ಕಾಗೆಯಷ್ಟೇ ಅಲ್ಲ, ದಾರಿಹೋಕರೂ ಓಡುತ್ತಿದ್ದರು. ಮೀನು ಉಳಿಯಿತು.

ಅಪ್ಪಯ್ಯ ಹೋಗಿ ಶೇಖರಣ್ಣ ಬಂದರು. ಪ್ರಾಯದಲ್ಲಿ ನನ್ನ ಮಗಳ ಓರಗೆ, ಆದರೆ ಸಂಬಳ ಕೊಡುವವರನ್ನು ಅಣ್ಣ ಎನ್ನಬೇಕು. ಮನುಷ್ಯ ಕೆಟ್ಟವರಲ್ಲ. ಹೊಸತು ಕಂಡರೆ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ, ಅದೊಂದು ರೋಗ. ಇರುವುದು ಕುಂದಾಪುರದಲ್ಲಿ, ಅಂಗಳ ಇರುವುದು ಉಪ್ಪುಂದದಲ್ಲಿ. ದಿನಾ ಬಂದು ಹೋಗುವ ಬದಲು ಅಂಗಳಕ್ಕೆ ಕ್ಯಾಮೆರಾ ಹಾಕಿಸಿದರು. ಅದೇ ವಾರ ಮಂಗಳೂರಿನಲ್ಲಿ ಯಾರದೋ ತೋಟದಲ್ಲಿ ನೋಡಿಕೊಂಡು ಬಂದು, ಒಂದು ಕಡೆ ಕೆಂಪು ಒಂದು ಕಡೆ ಬೆಳ್ಳಿ ಬಣ್ಣದ ಮಿಂಚುವ ಪ್ಲಾಸ್ಟಿಕ್ ಪಟ್ಟಿಯ ಸುರುಳಿ ತಂದು, ಎಲ್ಲ ಅಟ್ಟಣಿಗೆಯ ಮೇಲೂ ಕಟ್ಟಿಸಿದರು. ಗಾಳಿಗೆ ಅದು ಫಡಫಡ ಎಂದು ಹಾರಾಡಿದರೆ ಕಾಗೆ ಬರುವುದಿಲ್ಲವಂತೆ. ನಿಜ ಹೇಳಬೇಕೆಂದರೆ ಕಾಗೆ ಸ್ವಲ್ಪ ಕಡಿಮೆಯಾಯಿತು. ಪದ್ದುವನ್ನೂ ಕಡಿಮೆ ಮಾಡಿದರು. ಅವಳು ಕುಂದಾಪುರದ ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು.

ಕ್ಯಾಮೆರಾ ಬಂದ ಮೇಲೆ ನಮ್ಮ ಕೆಲಸದ ಸುಖ ಕೇಳಬೇಡಿ. ನೆರಳಿಗೆ ಒಂದು ಗಳಿಗೆ ಕೂತರೆ ಫೋನು.

"ಗಿರಿಜಕ್ಕ, ಆ ತೆಂಕು ಬದಿ ಬಂಗ್ಡಿ ಮಗ್ಚಿ ಆಯ್ತಾ?"

"ಆಯ್ತ್."

"ನಂಗ್ ಕಾಂತಿಲ್ಲ ಅಲೆ."

"ಮಗ್ಚದ್ ಮೀನೂ ಮಗ್ಚದೇ ಇಪ್ಪ ಮೀನೂ ಫೋನಗ್ ಒಂದೇ ನಮೂನಿ ಕಾಂತ್ ಶೇಖರಣ್ಣ. ಬಂದ್ ಮುಟ್ಟಿ ಕಾಣಿ."

ಬರುತ್ತಿರಲಿಲ್ಲ. ಮತ್ತೆ ಅರ್ಧ ಗಂಟೆಗೆ ಫೋನು.

ಈ ಕ್ಯಾಮೆರಾದ ಚಿತ್ರವನ್ನು ಹಿಡಿದು ಇಟ್ಟುಕೊಳ್ಳಲಿಕ್ಕೆ ಒಂದು ಕಂಪ್ಯೂಟರು ಬೇಕಂತೆ. ಶೇಖರಣ್ಣನ ಮಗ ಕಾಲೇಜಿಗೆ ಹೋಗುವಾಗ ತೆಗೆದದ್ದು, ಅಕ್ಕಿ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆ, ಅವರ ಮನೆಯಲ್ಲಿ ಧೂಳು ಹಿಡಿದು ಬಿದ್ದಿತ್ತು. ಅದಕ್ಕೆ ಈಗ ಸರ್ವರ್ ಎಂದು ಹೆಸರಾಯಿತು. ಹಗಲೂ ರಾತ್ರಿ ಆಫ್ ಮಾಡದೆ ಇಡಬೇಕಂತೆ. ಅಂಗಳದ ಶೆಡ್ಡಿನಲ್ಲಿ ಇಟ್ಟರೆ ಉಪ್ಪುಗಾಳಿ, ಮೇಲಾಗಿ ಅಲ್ಲಿ ಇನ್ವರ್ಟರ್ ಇಲ್ಲ. ಅಂಗಳದ ಬೆನ್ನಿಗೇ ನಮ್ಮ ಮನೆ. ನಮ್ಮಲ್ಲಿ ಇನ್ವರ್ಟರ್ ಇತ್ತು.

ಆ ಇನ್ವರ್ಟರ್ ಯಾಕೆ ಇತ್ತು ಎಂದು ಹೇಳಬೇಕು. ನಮ್ಮ ಮನೆಯವರಿಗೆ ದಮ್ಮು. ಪ್ರಾಯದಲ್ಲಿ ಕಡಲಿಗೆ ಹೋದ ಜನ, ಈಗ ಬಾವಿಕಟ್ಟೆಯವರೆಗೆ ಹೋದರೆ ಅಲ್ಲೇ ಕೂರಬೇಕು. ಔಷಧಿಯನ್ನು ಹೊಗೆ ಮಾಡಿ ಮೂಗಿಗೆ ಕೊಡುವ ಮಿಷನ್ ಒಂದಿದೆ, ನೆಬ್ಯುಲೈಸರ್ ಎನ್ನುತ್ತಾರೆ. ದಿನಕ್ಕೆ ಇಷ್ಟು ಸಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಉಬ್ಬಸ ಏರಿದರೆ ಬರೆದದ್ದನ್ನೂ ಮೀರಿ ಬೇಕು. ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಕೇಳುವ ಹಾಗಿಲ್ಲ. ಅದಕ್ಕೆ ಮಗಳು ಇನ್ವರ್ಟರ್ ಹಾಕಿಸಿಕೊಟ್ಟಳು. ಅದು ಇದ್ದದ್ದು ಅವರ ಉಸಿರಿಗೆ, ಇನ್ಯಾವುದಕ್ಕೂ ಅಲ್ಲ.

ಶೇಖರಣ್ಣ ಪೆಟ್ಟಿಗೆ ತಂದು ನಮ್ಮ ಮನೆಯಲ್ಲಿ ಇಟ್ಟಾಗ ನಾನು ಕೇಳಿಯೇ ಕೇಳಿದೆ, ಇದಕ್ಕೆ ಕರೆಂಟು ಎಷ್ಟು ಬೇಕು ಎಂದು.

"ಒಂದ್ ಬಲ್ಬಿನಷ್ಟ್ ಗಿರಿಜಕ್ಕ. ಇತ್ತ್ ಅಂದೇಳಿ ನಿಮ್ಗೆ ಗೊತ್ತೇ ಆತಿಲ್ಲ."

ಗೊತ್ತಾಗದೆ ಏನು! ಒಳಗೆ ಫ್ಯಾನು ದೋಣಿಯ ಮಿಷನಿನ ಹಾಗೆ ಗುಂಯ್ ಎನ್ನುತ್ತಿತ್ತು. ಪೆಟ್ಟಿಗೆಯ ಹಿಂದೆ ಕೈ ಹಿಡಿದರೆ ಬಿಸಿ ಗಾಳಿ. ನಮ್ಮ ಮನೆಯವರು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಅದರ ಹಿಂದೆ ತಮ್ಮ ಮೈ ಒರಸುವ ಒದ್ದೆ ಬೈರಾಸು ಹಾಕಿದರು. ಸಂಜೆಯೊಳಗೆ ಒಣಗಿತು. "ಕಾಣ್, ಒಂದ್ ಉಪ್ಕಾರ ಆಯ್ತ್" ಎಂದರು.

ಹಾಗೆ ಚಳಿಗಾಲ ಕಳೆಯಿತು. ಆಗ ಗಾಳಿಯೂ ಇಲ್ಲ, ಕರೆಂಟೂ ಹೆಚ್ಚು ಹೋಗುವುದಿಲ್ಲ. ಪೆಟ್ಟಿಗೆಯ ಗುಣ ಗೊತ್ತಾದದ್ದು ಮೇ ತಿಂಗಳಲ್ಲಿ. ಮಳೆಗೆ ಮೊದಲು ಮಾಲು ಒಣಗಿಸಿ ಮುಗಿಸಬೇಕು, ಅಂಗಳ ತುಂಬ ಮೀನು. ಕಡಲಿನಿಂದ ಗಾಳಿ ಎದ್ದರೆ ತೆಂಗಿನ ಗರಿ ಬೀಳುತ್ತದೆ, ಗರಿ ಬಿದ್ದರೆ ಕರೆಂಟು ಹೋಗುತ್ತದೆ. ಮೊದಲೆಲ್ಲ ಬೆಳಿಗ್ಗೆ ಕರೆಂಟು ಹೋದರೂ ಸಂಜೆಯವರೆಗೆ ಇನ್ವರ್ಟರ್ ಬರುತ್ತಿತ್ತು. ಆ ಮೇಯಲ್ಲಿ ಮಧ್ಯಾಹ್ನದ ಗಂಜಿಗೆ ಮೊದಲೇ ಕೀಂ ಕೀಂ ಎಂದು ಕೂಗಲಿಕ್ಕೆ ಶುರು ಮಾಡಿತು.

ಇನ್ವರ್ಟರಿನವನನ್ನು ಕರೆಸಿದೆ. ಅವನು ಬ್ಯಾಟರಿಗೆ ನೀರು ಹಾಕಿ, ಬ್ಯಾಟರಿ ಹೋಗಿದೆ, ಹೊಸತು ಬೇಕು ಎಂದ. ಹೊಗೆ ಮಿಷನ್ ಎಷ್ಟು ಹೊತ್ತು ಹಾಕುತ್ತೀರಿ ಎಂದು ಕೇಳಿ ಅದರ ಮೇಲೂ ಸಂಶಯ ಪಟ್ಟ. ಕಣ್ಣೆದುರಿಗೆ ಗುಂಯ್ ಎನ್ನುವ ಕರಿ ಪೆಟ್ಟಿಗೆಯನ್ನು ಅವನು ಒಂದು ಮಾತು ಕೇಳಲಿಲ್ಲ. ನಾನು ತೋರಿಸಿದರೆ, "ಅದ್ ಕಂಪ್ಯೂಟರ್ ಅಲ್ದಾ ಅಮ್ಮ, ಅದ್ಕೆ ಎಂತ ಕರೆಂಟ್ ಬೇಕ್?" ಎಂದ. ಶೇಖರಣ್ಣನಿಗೆ ಹೇಳಿದೆ. ಅವರು ಪೆಟ್ಟಿಗೆ ಬಿಸಿಯಾಗಿ ಹಾಗಾಗುತ್ತಿರಬೇಕು ಎಂದು ಒಂದು ಟೇಬಲ್ ಫ್ಯಾನ್ ಕಳಿಸಿಕೊಟ್ಟರು. ಅದನ್ನೂ ಇನ್ವರ್ಟರಿಗೇ ಹಾಕಬೇಕಂತೆ. ಈ ಬುದ್ಧಿಗೆ ಏನು ಹೇಳುವುದು!

ಪಿನ್ನು ಕಿತ್ತುಹಾಕಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಕಿತ್ತೆ. ಕರೆಂಟು ಹೋದ ಕೂಡಲೇ ಅಂಗಳದಿಂದ ಬಂದು ಕಿತ್ತೆ. ಹಾಗೆ ಕಿತ್ತು ಕಿತ್ತು ಒಂದು ದಿನ ಅದು ಶುರುವೇ ಆಗಲಿಲ್ಲ. ಕುಂದಾಪುರದಿಂದ ಒಬ್ಬ ಬಂದು ಸರಿ ಮಾಡಿ, ಹೀಗೆ ಕೀಳಬಾರದು ಎಂದು ಹೇಳಿ ಹೋದ. ಶೇಖರಣ್ಣ ಕೈ ಮುಗಿಯುವುದೊಂದು ಬಾಕಿ. ಮುಂಬೈಯ ವ್ಯಾಪಾರಿ ಫೋನಿನಲ್ಲಿ ಅಂಗಳ ನೋಡಿಯೇ ಮಾಲು ಹೇಳುವುದಂತೆ, ಕ್ಯಾಮೆರಾ ನಿಂತರೆ ವ್ಯಾಪಾರ ನಿಂತಂತೆ, ಅಂಗಳದ ಹೆಂಗಸರೆಲ್ಲ ಮನೆಯಲ್ಲಿ ಕೂರಬೇಕಾಗುತ್ತದಂತೆ. ನಾನೊಬ್ಬಳಾಗಿದ್ದರೆ ಕೂರುತ್ತಿದ್ದೆ. ಉಳಿದವರ ಮುಖ ನೋಡಿ ಪಿನ್ನು ಕೀಳುವುದು ಬಿಟ್ಟೆ.

ಮತ್ತೊಂದು ವಾರಕ್ಕೆ ಆಗಬೇಕಾದ್ದು ಆಯಿತು. ಬೆಳಿಗ್ಗೆಯೇ ಕರೆಂಟು ಹೋಗಿತ್ತು, ಲೈನಿನ ಕೆಲಸವಂತೆ. ನಾನು ಅಂಗಳದಲ್ಲಿ ಮಗುಚುತ್ತಿದ್ದೆ. ಮನೆಯ ಕಡೆಯಿಂದ ಬಾಗಿಲು ಬಡಿದ ಹಾಗೆ ಶಬ್ದ. ಹೋಗಿ ನೋಡಿದರೆ ನಮ್ಮ ಮನೆಯವರು ಹೊಸಿಲಿನಲ್ಲಿ ಕೂತಿದ್ದಾರೆ, ಮೂಗಿನ ಮೇಲೆ ಹೊಗೆಯ ಮುಚ್ಚಳ, ಅದರಲ್ಲಿ ಹೊಗೆಯಿಲ್ಲ. ಔಷಧಿ ಅರ್ಧ ಉಳಿದಿದೆ, ಮಿಷನ್ ನಿಂತಿದೆ. ಕೂಗಲಿಕ್ಕೆ ಉಸಿರಿಲ್ಲದೆ ಬಾಗಿಲು ಬಡಿಯುತ್ತಿದ್ದರು. ಇನ್ವರ್ಟರ್ ಕೂಗುವಾಗಲೇ ಪೆಟ್ಟಿಗೆಯ ಪಿನ್ನು ಕೀಳೋಣವೆಂದರೆ ಅದು ಬೆಂಚಿನ ಅಡಿಯಲ್ಲಿ, ಅವರಿಗೆ ಬಗ್ಗಲಿಕ್ಕೆ ಆಗಿರಲಿಲ್ಲ. ತುಟಿ ನೀಲಿಯಾಗಿತ್ತು.

ರಿಕ್ಷಾದಲ್ಲಿ ಹಾಕಿಕೊಂಡು ಬೈಂದೂರಿನ ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಫೋನು.

"ಗಿರಿಜಕ್ಕ, ಕ್ಯಾಮೆರಾ ಪೂರಾ ಕಪ್ಪಾಯ್ತಲೆ, ಎಂತ ಮಾಡಿದ್ರಿ?"

"ಇಲ್ಲ್ ಒಂದ್ ಜೀವ ಕಪ್ಪಾತಿತ್ತ್ ಶೇಖರಣ್ಣ. ನಿಮ್ಮ ಕ್ಯಾಮೆರಾ ಒಲಿಗ್ ಹಾಕಿ" ಎಂದು ಇಟ್ಟೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಇಂಜೆಕ್ಷನ್ ಕೊಟ್ಟು ಉಳಿಸಿದರು. ಶೇಖರಣ್ಣ ಆಸ್ಪತ್ರೆಗೆ ಬಂದರು, ಆಪಲ್ ತಂದರು. ದಮ್ಮಿನವರಿಗೆ ಆಪಲ್! ಪೆಟ್ಟಿಗೆ ತೆಗೆದುಕೊಂಡು ಹೋಗಿ ಎಂದೆ. ಒಬ್ಬರು ಒಳ್ಳೆಯ ಕಂಪ್ಯೂಟರ್ ಜನ ಕಳಿಸುತ್ತೇನೆ, ಒಂದು ಸಲ ನೋಡಲಿ, ಅವರೂ ಆಗದು ಎಂದರೆ ನಾನೇ ಹೊತ್ತುಕೊಂಡು ಹೋಗುತ್ತೇನೆ ಎಂದರು.

ಬಂದವಳು ಕುಂದಾಪುರದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡ ಮಮತ. ಬಂದವಳೇ ಗೋಡೆಯ ಪಾಯಿಂಟಿಗೆ ಒಂದು ಸಣ್ಣ ಮೀಟರ್ ಚುಚ್ಚಿ, ಅದರ ಮೂಲಕ ಪೆಟ್ಟಿಗೆ ಹಾಕಿದಳು. ಮೀಟರು ನೋಡಿ ಹುಬ್ಬೇರಿಸಿದಳು.

"ಒಂದ್ ಬಲ್ಬ್ ಅಂದಿದ್ರಾ ಅವ್ರು? ಇದ್ ಇಡೀ ಮದ್ವಿ ಚಪ್ಪರದ್ ಬಲ್ಬ್ ಅಜ್ಜಿ."

ಆಮೇಲೆ ತನ್ನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ನೋಡುತ್ತಾ ನನಗೂ ಹೇಳುತ್ತಾ ಹೋದಳು. ಪೆಟ್ಟಿಗೆಯ ಒಳಗೆ ಲೆಕ್ಕ ಮಾಡುವ ಒಂದು ಚೂರಿದೆ, ಅದಕ್ಕೆ ಪ್ರೊಸೆಸರ್ ಎನ್ನುತ್ತಾರೆ. ಕೆಲಸವಿಲ್ಲದಾಗ ಅದು ನಿಧಾನವಾಗಿ, ಕಡಿಮೆ ಕರೆಂಟಿನಲ್ಲಿ ಇರಬೇಕು. ಇದು ಹಾಗಿರಲಿಲ್ಲ.

"ಶೇಖರಣ್ಣನ ಮಗ ಇದ್ರಗೆ ಆಟ ಆಡುಕೆ ಅಂದೇಳಿ ಯಾವತ್ತೂ ಫುಲ್ ಸ್ಪೀಡಗೇ ಇರ್ಲಿ ಅಂತ ಇಟ್ಟಿದ್ದ. ಅದ್ನ ಯಾರೂ ಬದ್ಲ್ ಮಾಡ್ಲಿಲ್ಲ. ಬಂದರ್ ದಕ್ಕೆಯಗೆ ಕಟ್ಟಿದ ದೋಣಿ ಮಿಷನ್ ಫುಲ್ ರೇಸ್ ಮಾಡಿ ಬಿಟ್ಟಂಗೆ."

"ಎಣ್ಣಿ ಖಾಲಿ, ದೋಣಿ ಇದ್ದಲ್ಲೇ" ಎಂದರು ಮಂಚದಲ್ಲಿದ್ದ ನಮ್ಮ ಮನೆಯವರು. ಕಡಲಿನ ಮಾತು ಬಂದರೆ ಅವರಿಗೆ ಉಸಿರು ಎಲ್ಲಿಂದಲೋ ಬರುತ್ತದೆ.

ಪೆಟ್ಟಿಗೆ ಬಿಚ್ಚಿ, ಆಟಕ್ಕೆಂದೇ ಹಾಕಿದ ಒಂದು ಇಟ್ಟಿಗೆಯಷ್ಟು ದಪ್ಪದ ಕಾರ್ಡು ತೆಗೆದಿಟ್ಟಳು. ಚಿತ್ರ ತೋರಿಸಲಿಕ್ಕೆ ಟಿವಿಯೇ ಇಲ್ಲದ ಪೆಟ್ಟಿಗೆಗೆ ಅದರ ಅಗತ್ಯವೇ ಇಲ್ಲವಂತೆ. ಫುಲ್ ಸ್ಪೀಡ್ ತೆಗೆದು, ಇಷ್ಟಕ್ಕಿಂತ ಮೇಲೆ ಹೋಗಬಾರದು ಎಂದು ಕಟ್ಟು ಹಾಕಿದಳು. ಮೀಟರು ಇಳಿಯಿತು. ಆದರೂ ಅವಳಿಗೆ ಸಮಾಧಾನವಿಲ್ಲ. ಪ್ರೊಸೆಸರ್ ಇನ್ನೂ ಒಂದು ಗಳಿಗೆಯೂ ಸುಮ್ಮನೆ ಕೂರುತ್ತಿಲ್ಲ, ಎಂತದನ್ನೋ ನೋಡುತ್ತಲೇ ಇದೆ ಎಂದಳು. ಕ್ಯಾಮೆರಾದಲ್ಲಿ ಏನಾದರೂ ಅಲ್ಲಾಡಿದರೆ ಅದು ಮನುಷ್ಯನೋ ನಾಯಿಯೋ ಎಂದು ಲೆಕ್ಕ ಹಾಕಿ ಹಿಡಿದಿಡುವುದು ಅದರ ಕೆಲಸ. ಅಂಗಳದಲ್ಲಿ ಅಷ್ಟು ಅಲ್ಲಾಡುವುದು ಏನಿದೆ ಎಂದು ಕೇಳಿದಳು. ನಾನು ಮತ್ತೆ ನಾಲ್ಕು ಹೆಂಗಸರು, ನಾವು ಅಲ್ಲಾಡದಿದ್ದರೆ ಫೋನು ಬರುತ್ತದೆ ಎಂದೆ. ಅವಳು ನಕ್ಕು, ಚಪ್ಪಲಿ ಹಾಕಿ ಅಂಗಳಕ್ಕೆ ಹೋದಳು. ಹೋದವಳು ಅಲ್ಲಿಂದಲೇ ಕೂಗಿದಳು.

"ಹ್ವಾಯ್ ಅಜ್ಜಿ! ಈ ಪಟ್ಟಿ ಕಟ್ಟಿದ್ದ್ ಯಾರ್?"

ಕ್ಯಾಮೆರಾದ ಮೂಗಿನ ಎದುರಿಗೇ ಸಾಲು ಸಾಲು ಮಿಂಚುಪಟ್ಟಿ. ಬಿಸಿಲಿಗೆ ಝಗಝಗ, ಗಾಳಿಗೆ ಫಡಫಡ. ಗಾಳಿ ಜೋರಾದಷ್ಟೂ ಪೆಟ್ಟಿಗೆಗೆ ಕೆಲಸ ಜೋರು. ಗಾಳಿ ಜೋರಾದ ದಿನವೇ ಕರೆಂಟು ಹೋಗುವುದು. ಇನ್ವರ್ಟರ್ ಬೇಕಾದ ದಿನವೇ ಅದು ಇನ್ವರ್ಟರನ್ನು ಹೀರುತ್ತಿತ್ತು. ಅದು ಹಿಡಿದಿಟ್ಟ ವಿಡಿಯೋ ಮಮತ ತೋರಿಸಿದಳು. ದಿನಗಟ್ಟಲೆ ಪಟ್ಟಿ ಹಾರುವುದೇ. ಕಾಗೆ ಮೀನು ಕಚ್ಚಿಕೊಂಡು ಹೋದದ್ದು ಮೂಲೆಯಲ್ಲಿ ಒಂದು ಕಡೆ ಕಂಡಿತು.

ಪಟ್ಟಿ ಇರುವ ಜಾಗವನ್ನು ನೋಡಬೇಡ ಎಂದು ಮಮತ ಕಂಪ್ಯೂಟರಿಗೆ ಗೆರೆ ಹಾಕಿಕೊಟ್ಟಳು. ಕ್ಷಣಕ್ಕೆ ಹತ್ತಾರು ಸಲ ನೋಡುವುದು ಬೇಡ, ಒಂದೆರಡು ಸಲ ನೋಡಿದರೆ ಸಾಕು ಎಂದೂ ಮಾಡಿದಳು. ಫ್ಯಾನಿನ ಶಬ್ದ ಇಳಿದು ಇಳಿದು, ಪೆಟ್ಟಿಗೆ ಚಾಲೂ ಇದೆಯೋ ಇಲ್ಲವೋ ಎಂದು ಕಿವಿ ಕೊಟ್ಟು ಕೇಳುವ ಹಾಗಾಯಿತು. ಮೀಟರು ಮೊದಲಿನ ಅರ್ಧಕ್ಕಿಂತ ಎಷ್ಟೋ ಕೆಳಗೆ. ಟೇಬಲ್ ಫ್ಯಾನನ್ನು ನಾನೇ ಮೂಲೆಗಿಟ್ಟೆ.

ಆ ವಾರವೇ ಮತ್ತೆ ಬೆಳಿಗ್ಗೆಯಿಂದ ಕರೆಂಟಿಲ್ಲ. ನಾನು ಅಂಗಳಕ್ಕೆ ಹೋಗದೆ ಇನ್ವರ್ಟರಿನ ಎದುರಿಗೆ ಮಣೆ ಹಾಕಿ ಕೂತೆ. ಮಧ್ಯಾಹ್ನ ಕಳೆಯಿತು, ಕೂಗಲಿಲ್ಲ. ನಮ್ಮ ಮನೆಯವರ ಹೊಗೆ ಪೂರ್ತಿ ಆಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂದಾಗಲೂ ಇನ್ವರ್ಟರಿನಲ್ಲಿ ಜೀವವಿತ್ತು. ಇನ್ನಾದರೂ ನೆಮ್ಮದಿ ಎಂದುಕೊಂಡೆ. ಶೇಖರಣ್ಣನಿಗೆ ಫೋನು ಮಾಡಿ ಹೇಳಿದೆ. ಹೇಳಬಾರದಿತ್ತು.

"ಮಮತನೂ ಹೇಳ್ದ್ಲ್ ಗಿರಿಜಕ್ಕ, ಭಾರಿ ಕಮ್ಮಿ ಆಯ್ತಂಬ್ರು. ಹಂಗಾರೆ ಈಗ ಇನ್ವರ್ಟರಗೆ ಜಾಗ ಇತ್ತಲೆ. ಇನ್ನೆರಡ್ ಕ್ಯಾಮೆರಾ ಹಾಕುವ ಅಂದೇಳಿ. ಒಂದ್ ಉಪ್ಪಿನ್ ತೊಟ್ಟಿ ಬದಿಗೆ, ಒಂದ್ ಗೇಟಿಗೆ."

"ಆ ಜಾಗ ಯಾರದ್ ಗೊತ್ತಿತ್ತಾ ಶೇಖರಣ್ಣ?"

"ಯಾರದಂದ್ರೆ?"

"ಎಂತ ಇಲ್ಲ. ನೀವ್ ನಾಳಿಗ್ ಬೆಳಿಗ್ಗೆ ಮನಿಯಗೆ ಇರ್ತ್ರಿ ಅಲ್ದಾ?"

"ಇರ್ತೆ, ಎಂತಕೆ?"

"ಸುಮ್ನೆ ಕೇಂಡೆ."

ಮರುದಿನ ಬೆಳಿಗ್ಗೆ ನಮ್ಮ ಮನೆಯವರಿಗೆ ಹೊಗೆ ಕೊಟ್ಟು, ಗಂಜಿ ಕೊಟ್ಟು, ಮಮತ ಹೇಳಿಕೊಟ್ಟ ಹಾಗೆಯೇ ಪೆಟ್ಟಿಗೆಯನ್ನು ಕ್ರಮವಾಗಿ ಆಫ್ ಮಾಡಿ, ಪಿನ್ನು ತೆಗೆದೆ. ಹಳೆ ಸೀರೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ತಲೆಗೆ ಸಿಂಬಿ ಇಟ್ಟು ಹೊತ್ತೆ. ಕಾರ್ಡು ತೆಗೆದ ಮೇಲೆ ಹಗುರಾಗಿದೆ ಎಂದು ಮಮತ ಹೇಳಿದ್ದಳು, ನನಗೇನೂ ಹಾಗೆ ಕಾಣಲಿಲ್ಲ. ಹೈವೇಗೆ ಬಂದು ಕುಂದಾಪುರದ ಬಸ್ಸಿಗೆ ಕೈ ಹಿಡಿದೆ. ಕಂಡಕ್ಟರ್ ಬುಟ್ಟಿ ನೋಡಿ ಬಾಗಿಲಿಗೆ ಅಡ್ಡ ನಿಂತ.

"ಅಜ್ಜಿ, ಮೀನ್ ಒಳ್ಗ್ ಬ್ಯಾಡ. ಜನ ಬೈತ್ರ್."

"ಮೀನಲ್ಲ ಮರಾಯ, ಸರ್ವರ್."

"ಅದ್ ಎಂತ ಮೀನ್?"

"ಕರೆಂಟ್ ತಿಂಬ ಮೀನ್. ಸೈಡ್ ಬಿಡ್."

ಶೇಖರಣ್ಣ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು, ಕೈಯಲ್ಲಿ ಫೋನು. ಅದರಲ್ಲಿ ಅಂಗಳ ಕಾಣದೆ ಒತ್ತಿ ಒತ್ತಿ ನೋಡುತ್ತಿದ್ದರು. ಬುಟ್ಟಿಯನ್ನು ಅವರ ಕಾಲಬುಡದಲ್ಲಿ ಇಳಿಸಿ ಸೀರೆ ಬಿಚ್ಚಿದೆ.

"ಇದೆಂತ ಗಿರಿಜಕ್ಕ! ಇಲ್ಲಿಂದ ಅಂಗಳ ಕಾಂತಿಲ್ಲ ಅಲೆ!"

"ಕಾಂತಿಲ್ದೆ ಇದ್ರೆ ಅಲ್ಲೇ ಬಂದ್ ಕೂಕಣಿ. ಪದ್ದುವಿನ್ ಕೋಲ್ ಶೆಡ್ಡಗೆ ಇತ್ತ್. ನಾನ್ ಇವತ್ತಿಂದ ಬತ್ತಿಲ್ಲ."

ಅವರ ಹೆಂಡತಿ ಚಾ ಕುಡಿದು ಹೋಗಿ ಎಂದರು. ಬೇಡ ಎಂದೆ. ಗಾಳಿ ಏಳುತ್ತಿತ್ತು, ಮನೆಯಲ್ಲಿ ನಮ್ಮ ಮನೆಯವರೊಬ್ಬರೇ ಇದ್ದರು. ಖಾಲಿ ಬುಟ್ಟಿ ಎತ್ತಿಕೊಂಡು, ಉಪ್ಪುಂದದ ಮೇಲೆ ಹೋಗುವ ಬೈಂದೂರಿನ ಬಸ್ಸು ಹತ್ತಿದೆ.